ಡಮಾಸ್ಕಸ್ ಕತ್ತಿಯ ಉಕ್ಕು ಎಲ್ಲಿಯದು?



'ಉಕ್ಕು' ಎಂಬ ಶಬ್ದವನ್ನು ಒಮ್ಮೆ ಓದಿರಿ. ಎರಡೇ ಅಕ್ಷರ. ಮೊದಲು 'ಉ'. ಆಮೇಲೆ 'ಕು', ಅದಕ್ಕೆ ಕ ಒತ್ತು. ಒತ್ತಕ್ಷರದ ಪಾಠದಲ್ಲಿ ಇಂಥ ಶಬ್ದಗಳನ್ನು ನೀವು ಬರೆದಿದ್ದೀರಿ. ಅಕ್ಕ, ಹಕ್ಕಿ, ರೊಕ್ಕ, ಉಕ್ಕು.

ಈ ಸಣ್ಣ ಶಬ್ದ ಸುಮಾರು 230 ವರ್ಷಗಳ ಹಿಂದೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಹೋಗಿದ್ದು ನಮ್ಮ ಮುಂಬಯಿ ಬಂದರದಿಂದಲೇ. ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ಡಾಕ್ಟರು 1794 ರಲ್ಲಿ ಈ ದೇಶದ ಉಕ್ಕಿನ ಕೆಲವು ಗಟ್ಟಿಗಳನ್ನು ಲಂಡನ್ನಿಗೆ ಕಳಿಸಿದರು. 1795 ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಅದನ್ನು ಪರೀಕ್ಷೆ ಮಾಡಿ ಬರೆದರು. ಆ ಬರಹದಲ್ಲಿ ಈ ಉಕ್ಕಿನ ಹೆಸರು 'ವೂಟ್ಜ್' ಎಂದಾಯಿತು. ಕನ್ನಡದ 'ಉಕ್ಕು' ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ, ಬರವಣಿಗೆಯಲ್ಲಿ ಕೆಟ್ಟು ಹೀಗಾಯಿತು ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಅದೇ ಹೆಸರಿದೆ.

ಈ ಉಕ್ಕಿನಿಂದಲೇ ಜಗತ್ತಿನಲ್ಲಿ ಹೆಸರಾದ ಡಮಾಸ್ಕಸ್ ಕತ್ತಿಗಳನ್ನು ಮಾಡುತ್ತಿದ್ದರು.

ಡಮಾಸ್ಕಸ್ ಅಂದರೇನು?

ಡಮಾಸ್ಕಸ್ ಒಂದು ಊರು. ಸಿರಿಯಾ ದೇಶದ ರಾಜಧಾನಿ. ಬಹಳ ಹಳೆಯ ಪೇಟೆ. ಯುರೋಪಿನ ಜನ ಇಂಥ ಕತ್ತಿಗಳನ್ನು ಆ ಕಡೆ ಕಂಡರು. ಅದಕ್ಕೇ ಅವಕ್ಕೆ ಡಮಾಸ್ಕಸ್ ಕತ್ತಿ ಅಂದರು. ಅರಬ್ಬರಿಗೆ ಮಾತ್ರ ನಿಜ ಗೊತ್ತಿತ್ತು. ಅವರು ಹಿಂದೂಸ್ಥಾನದ ಉಕ್ಕಿನ ಕತ್ತಿಗೆ 'ಮುಹನ್ನದ್' ಅನ್ನುತ್ತಿದ್ದರು. ಹಿಂದ್ ದೇಶದ್ದು ಎಂದು ಅದರ ಅರ್ಥ. ಬೆಳಗಾವಿ ಕುಂದಾ, ಕೊಲ್ಹಾಪುರಿ ಚಪ್ಪಲಿ ಅನ್ನುತ್ತೇವಲ್ಲ, ಹಾಗೆಯೇ ಇದು. ಊರ ಹೆಸರಲ್ಲೇ ಮಾಲಿನ ಗುಣ ಇದೆ.

ಈ ಕತ್ತಿಯ ಗುರುತು ಅದರ ಮೈಮೇಲೆ ಇರುತ್ತಿತ್ತು. ಕೆರೆಯ ನೀರಿನ ಮೇಲೆ ಗಾಳಿ ಬೀಸಿದರೆ ಸಣ್ಣ ತೆರೆ ಏಳುತ್ತವಲ್ಲ, ಅಂಥ ಕಪ್ಪು-ಬಿಳಿ ಗೆರೆಗಳು. ಯಾರೂ ಅದನ್ನು ಬಣ್ಣದಿಂದ ಬರೆದಿದ್ದಲ್ಲ. ಉಕ್ಕಿನ ಒಳಗಿನಿಂದಲೇ ಬಂದಿದ್ದು. ಅಂಚು ಹರಿತ, ಮೈ ಗಟ್ಟಿ.

ಈ ಕತ್ತಿಯ ಬಗ್ಗೆ ಕತೆಗಳೂ ಬಹಳ. ಗಾಳಿಯಲ್ಲಿ ಬೀಳುವ ರೇಷ್ಮೆ ವಸ್ತ್ರ ಅದರ ಮೇಲೆ ಬಿದ್ದರೆ ಎರಡು ತುಂಡಾಗುತ್ತಿತ್ತಂತೆ. ಕಾದ ಕತ್ತಿಯನ್ನು ಮನುಷ್ಯನ ಮೈಯಲ್ಲಿ ಚುಚ್ಚಿ ಆರಿಸುತ್ತಿದ್ದರಂತೆ. ಇವನ್ನೆಲ್ಲ ನಂಬಬೇಡ್ರಿ. ಇವು ಕೂತು ಕಟ್ಟಿದ ಕತೆಗಳು. ಉಕ್ಕು ಮಾಡಿದ ರೀತಿಯೇ ಇವಕ್ಕಿಂತ ಹೆಚ್ಚು ಸೋಜಿಗದ್ದು.

ಕಬ್ಬಿಣ ಬೇರೆ, ಉಕ್ಕು ಬೇರೆ

ಮೊದಲು ಇದನ್ನು ತಿಳಿದುಕೊಳ್ಳೋಣ. ಕಬ್ಬಿಣ ಮತ್ತು ಉಕ್ಕು ಅಕ್ಕ-ತಂಗಿ ಇದ್ದ ಹಾಗೆ. ಎರಡಕ್ಕೂ ಇರುವ ವ್ಯತ್ಯಾಸ ಇಂಗಾಲದ್ದು. ಇಂಗಾಲ ಅಂದರೆ ಇದ್ದಿಲಿನಲ್ಲಿ ಇರುವ ಕಪ್ಪು ವಸ್ತು. ಅಡಿಗೆಗೆ ಉಪ್ಪು ಇದ್ದಂತೆ ಕಬ್ಬಿಣಕ್ಕೆ ಇಂಗಾಲ. ಕಡಿಮೆಯಾದರೆ ಕಬ್ಬಿಣ ಮೆತ್ತಗೆ, ಬಾಗುತ್ತದೆ. ಹೆಚ್ಚಾದರೆ ಗಡುಸು, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ.

ಲೆಕ್ಕ ನೋಡ್ರಿ. ಒಂದು ಕಿಲೋ ಅಂದರೆ 1000 ಗ್ರಾಂ. ಕಿಟಕಿಯ ಸರಳಿನಂಥ ಮೆತ್ತನೆ ಕಬ್ಬಿಣದ ಒಂದು ಕಿಲೋದಲ್ಲಿ ಇಂಗಾಲ ಸುಮಾರು 2 ಗ್ರಾಂ. ಲಾರಿಯ ಕಮಾನು ಪಟ್ಟಿಯಲ್ಲಿ 5-6 ಗ್ರಾಂ. ಬೀಡು ಕಬ್ಬಿಣದಲ್ಲಿ 30-40 ಗ್ರಾಂ. ಬೀಡಿನ ಸಾಮಾನು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆಯುವುದು ಅದಕ್ಕೇ. ನಾವು ಹೇಳುತ್ತಿರುವ ಆ ಹಳೆಯ ಉಕ್ಕಿನಲ್ಲಿ ಸುಮಾರು 15 ಗ್ರಾಂ ಇರುತ್ತಿತ್ತು. ಒಮ್ಮೊಮ್ಮೆ ಸ್ವಲ್ಪ ಹೆಚ್ಚು, ಒಮ್ಮೊಮ್ಮೆ ಕಡಿಮೆ. ಯಂತ್ರ ಇಲ್ಲ. ಹದ ಹಿಡಿದವರು ಹಳ್ಳಿಯ ಜನ.

ಉಕ್ಕು ಹೇಗೆ ಮಾಡುತ್ತಿದ್ದರು?

1799 ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ ಮಡಿದ. ಮರುವರ್ಷ, 1800 ರಲ್ಲಿ, ಇಂಗ್ಲಿಷರು ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನ್ನು ಮೈಸೂರು ಸೀಮೆ ನೋಡಿ ಬರಲು ಕಳಿಸಿದರು. ಆತ ಊರೂರು ತಿರುಗಿದ. ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ, ಏನು ಮಾರುತ್ತಾರೆ, ಎಲ್ಲ ಕೇಳಿ ಬರೆದುಕೊಂಡ. ಮಾಗಡಿ ಕಡೆಯ ಘಟ್ಟಿಪುರ, ಮಧುಗಿರಿ ಕಡೆಯ ಚನ್ನರಾಯನದುರ್ಗ, ಈ ಭಾಗದಲ್ಲಿ ಕಬ್ಬಿಣ-ಉಕ್ಕಿನ ಕುಲುಮೆಗಳನ್ನು ನೋಡಿದ. ಆತನ ಪುಸ್ತಕ 1807 ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆತನೂ ಆಮೇಲೆ ಬಂದ ಬೇರೆಯವರೂ ಬರೆದಿಟ್ಟಿದ್ದನ್ನು ಕೂಡಿಸಿದರೆ ಕೆಲಸದ ರೀತಿ ಹೀಗಿತ್ತು.

ಮಳೆಗಾಲದಲ್ಲಿ ಹಳ್ಳದ ನೀರು ಗುಡ್ಡದಿಂದ ಕರಿ ಮರಳು ತರುತ್ತದೆ. ಅದರಲ್ಲಿ ಕಬ್ಬಿಣ ಇರುತ್ತದೆ. ಕೆಲವು ಕಡೆ ಅದನ್ನು ತೊಳೆದು ತೆಗೆಯುತ್ತಿದ್ದರು. ಕೆಲವು ಕಡೆ ಕಬ್ಬಿಣದ ಕಲ್ಲನ್ನೇ ಅಗೆದು ಒಡೆಯುತ್ತಿದ್ದರು. ಮಣ್ಣಿನ ಗೂಡಿನಲ್ಲಿ ಇದ್ದಿಲಿನ ಜೊತೆ ಹಾಕಿ ತಿದಿ ಒತ್ತುತ್ತಿದ್ದರು. ತಿದಿ ಅಂದರೆ ಗಾಳಿ ಊದುವ ಚರ್ಮದ ಚೀಲ. ಆಗ ಕಬ್ಬಿಣ ನೀರಾಗುತ್ತಿರಲಿಲ್ಲ. ತೂತು ತೂತಾದ ಮುದ್ದೆಯಾಗಿ ಕೂಡುತ್ತಿತ್ತು. ಅದನ್ನು ಬಡಿದು ಕಸ ತೆಗೆದರೆ ಮೆತ್ತನೆಯ ಕಬ್ಬಿಣ. ಇದು ಅರ್ಧ ಕೆಲಸ.

ಇನ್ನರ್ಧ ಕೆಲಸಕ್ಕೆ ಮೂಸೆ ಬೇಕು. ಅಕ್ಕಸಾಲಿಗರು ಬಂಗಾರ ಕರಗಿಸುವ ಮೂಸೆ ನೋಡಿದ್ದೀರಲ್ಲ, ಅದೇ ಜಾತಿ, ಆದರೆ ದೊಡ್ಡದು. ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಕೈಯಿಂದ ಮಾಡುತ್ತಿದ್ದರು. ಹೊಟ್ಟು ಯಾಕೆ? ಬರೀ ಮಣ್ಣಾದರೆ ಅಷ್ಟು ಕಾವಿಗೆ ಸೀಳು ಬಿಡುತ್ತದೆ. ಹೊಟ್ಟು ಸುಟ್ಟು ಕರಿಯಾಗಿ ಮಣ್ಣಿನ ಒಳಗೇ ಉಳಿದರೆ ಮೂಸೆ ತಾಳುತ್ತದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಯ ಚೂರುಗಳು ಸಿಕ್ಕಿವೆ. ವಿಜ್ಞಾನಿಗಳು ಅವನ್ನು ತೆಗೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ.

ಮೂಸೆಯೊಳಗೆ ಕಬ್ಬಿಣದ ತುಂಡು ಇಡುತ್ತಿದ್ದರು. ಅದರ ಜೊತೆ ತಂಗಡಿ ಗಿಡದ ಕಟ್ಟಿಗೆ ಸ್ವಲ್ಪ. ತಂಗಡಿ ನಿಮಗೆ ಗೊತ್ತು. ಒಣಭೂಮಿಯಲ್ಲಿ ಹಳದಿ ಹೂ ಬಿಡುತ್ತದೆ. ಮರಾಠಿಯಲ್ಲಿ ತರವಡ ಅನ್ನುತ್ತಾರೆ. ಬುಕಾನನ್ ಕಂಡ ಕಡೆ ಒಂದು ಮೂಸೆಗೆ ಮೂರು ರೂಪಾಯಿ ತೂಕ ಹಾಕುತ್ತಿದ್ದರು. ಆಗ ಬೆಳ್ಳಿ ರೂಪಾಯಿಯೇ ತೂಕದ ಕಲ್ಲು. ಮೇಲೆ ಒಂದೆರಡು ಹಸಿ ಎಲೆ. ಕೆಲವು ಕಡೆ ಬಳ್ಳಿಯ ಎಲೆ, ಕೆಲವು ಕಡೆ ಎಕ್ಕೆ ಎಲೆ. ಆಮೇಲೆ ಮೂಸೆಯ ಬಾಯಿಗೆ ಮಣ್ಣು ಮೆತ್ತಿ ಪೂರ್ತಿ ಮುಚ್ಚುತ್ತಿದ್ದರು.

ಈ ಮುಚ್ಚುವುದೇ ದೊಡ್ಡ ಗುಟ್ಟು. ಗಾಳಿ ಒಳಗೆ ಹೋದರೆ ಕಟ್ಟಿಗೆ ಸುಟ್ಟು ಬೂದಿಯಾಗುತ್ತದೆ. ಗಾಳಿ ಇಲ್ಲದಿದ್ದರೆ ಇದ್ದಿಲಾಗುತ್ತದೆ. ಆ ಇದ್ದಿಲಿನ ಇಂಗಾಲ ಮೆಲ್ಲಗೆ ಕಬ್ಬಿಣದ ಮೈಗೆ ಇಳಿಯುತ್ತದೆ. ಇಂಗಾಲ ಇಳಿದಂತೆ ಕಬ್ಬಿಣ ಕಡಿಮೆ ಕಾವಿಗೇ ಕರಗುತ್ತದೆ. ಬರೀ ಕಬ್ಬಿಣ ಕರಗಲು 1538 ಡಿಗ್ರಿ ಕಾವು ಬೇಕು. ಅಷ್ಟು ಕಾವು ಕೈತಿದಿಯಿಂದ ಏಳುವುದು ಕಷ್ಟ. ತಂಗಡಿ ಕಟ್ಟಿಗೆ ಆ ಕಷ್ಟವನ್ನು ಇಳಿಸುತ್ತಿತ್ತು.

ಇಂಥ ಮೂಸೆಗಳನ್ನು ಹತ್ತಾರು ಒಟ್ಟಿಗೆ ಕುಲುಮೆಯಲ್ಲಿ ಕಮಾನಿನ ಹಾಗೆ ಪೇರಿಸಿ, ಇದ್ದಿಲು ಮುಚ್ಚಿ, ತಾಸುಗಟ್ಟಲೆ ತಿದಿ ಒತ್ತುತ್ತಿದ್ದರು. ಕೈ ನಿಲ್ಲುವಂತಿಲ್ಲ. ಕೆಲವು ಮೂಸೆ ಒಡೆದು ಹಾಳಾಗುತ್ತಿದ್ದವು. ಉಳಿದವನ್ನು ಆರಲು ಬಿಟ್ಟು ಒಡೆದರೆ ಒಳಗೆ ಉಕ್ಕಿನ ಗಟ್ಟಿ. ಸಣ್ಣದಾದರೆ ಅರ್ಧ ಕಿಲೋಕ್ಕಿಂತ ಕಡಿಮೆ, ದೊಡ್ಡದಾದರೆ ಒಂದು ಕಿಲೋ.

ಇದರಿಂದ ಬರೀ ಕತ್ತಿ ಮಾಡುತ್ತಿದ್ದರು ಅಂತ ತಿಳಿಯಬೇಡಿ. ಕಲ್ಲುಕುಟಿಗರ ಚಾಣ ಮಾಡುತ್ತಿದ್ದರು. ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುತ್ತಿದ್ದರು, ವಾದ್ಯಗಳಿಗೆ. ಆ ತಂತಿ ದೂರದೂರದ ಊರಿಗೆ ಹೋಗುತ್ತಿತ್ತು. ಇವತ್ತು ಚನ್ನಪಟ್ಟಣ ಅಂದರೆ ಮರದ ಗೊಂಬೆ ನೆನಪಾಗುತ್ತದೆ. ಆಗ ತಂತಿಗೂ ಹೆಸರಿತ್ತು. ನನಗಂತೂ ಕತ್ತಿಗಿಂತ ಈ ತಂತಿಯ ಸುದ್ದಿಯೇ ಹೆಚ್ಚು ಹಿಡಿಸಿತು.

ಇಂಥ ಉಕ್ಕು ನಮ್ಮ ಸೀಮೆಯಲ್ಲಷ್ಟೇ ಇರಲಿಲ್ಲ. ತೆಲಂಗಾಣ, ತಮಿಳುನಾಡು, ಶ್ರೀಲಂಕಾದಲ್ಲೂ ಮಾಡುತ್ತಿದ್ದರು. ನಿಜಾಮಾಬಾದ್ ಕಡೆಯ ಕೋನಸಮುದ್ರಂ ಎಂಬ ಹಳ್ಳಿಗೆ ಇರಾನಿನ ಇಸ್ಫಹಾನ್ ಊರಿನ ವ್ಯಾಪಾರಿಗಳು ಬಂದು ಗಟ್ಟಿ ಕೊಳ್ಳುತ್ತಿದ್ದರು.

ಬಿಳಿ ಕಾವು, ಕೆಂಪು ಕಾವು

ಗಟ್ಟಿ ಸಿಕ್ಕಿತು. ಇನ್ನು ಕತ್ತಿ ಮಾಡಬೇಕು. ಇಲ್ಲಿ ಯುರೋಪಿನ ಕಂಬಾರರು ಸೋತರು. ಅವರಿಗೆ ಮೆತ್ತನೆ ಕಬ್ಬಿಣ ಬಡಿದು ರೂಢಿ. ಬೆಂಕಿಯಲ್ಲಿ ಬೆಳ್ಳಗಾಗುವ ತನಕ ಕಾಯಿಸಿ ಬಡಿಯುತ್ತಿದ್ದರು. ನಮ್ಮ ಉಕ್ಕನ್ನು ಹಾಗೆ ಕಾಯಿಸಿ ಬಡಿದರೆ ಅದು ಬೆಲ್ಲದ ಹೆಂಟೆಯಂತೆ ಪುಡಿಯಾಯಿತು. ಇಂಗಾಲ ಹೆಚ್ಚಿರುವ ಉಕ್ಕು ಬಿಳಿ ಕಾವಿನಲ್ಲಿ ಅರ್ಧ ಕರಗಲು ಹತ್ತುತ್ತದೆ. ಅದಕ್ಕೆ ಕೆಂಪು ಕಾವು ಸಾಕು. ಕೆಂಪಗೆ ಕಾಯಿಸಬೇಕು, ನಾಲ್ಕು ಪೆಟ್ಟು ಹಾಕಬೇಕು, ಮತ್ತೆ ಕಾಯಿಸಬೇಕು. ಹೀಗೆ ಹತ್ತಾರು ಸಲ.

ನೀರಿನ ತೆರೆಯಂಥ ಆ ಗೆರೆಗಳೂ ಹೀಗೆ ಬಡಿಯುವಾಗಲೇ ಏಳುತ್ತಿದ್ದವು. ಇಂಗಾಲ-ಕಬ್ಬಿಣ ಕೂಡಿ ಸಣ್ಣ ಗಡುಸು ಕಾಳುಗಳಾಗುತ್ತವೆ. ಅವು ಸಾಲುಸಾಲಾಗಿ ನಿಲ್ಲುತ್ತವೆ. ಹುಳಿ ಹಚ್ಚಿ ತಿಕ್ಕಿದರೆ ಆ ಸಾಲು ಬೆಳ್ಳಗೆ, ಉಳಿದದ್ದು ಕಪ್ಪಗೆ ಕಾಣುತ್ತದೆ.

ಇದರ ಗುಟ್ಟು ಹುಡುಕಲು ದೊಡ್ಡ ದೊಡ್ಡವರು ಕೂತರು. ಮೈಕೆಲ್ ಫ್ಯಾರಡೆ ಅವರಲ್ಲಿ ಒಬ್ಬರು. ಕರೆಂಟು ಹುಟ್ಟಿಸುವ ರೀತಿಯನ್ನು ಜಗತ್ತಿಗೆ ತೋರಿಸಿದ ವಿಜ್ಞಾನಿ ಅವರು. ಅವರ ತಂದೆ ಕಂಬಾರ. ಫ್ಯಾರಡೆ ಸಾಲಿ ಕಲಿತಿದ್ದು ಬಹಳ ಕಡಿಮೆ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಶಾಣ್ಯಾ ಆದವರು. 1819 ರಲ್ಲಿ ಅವರು ನಮ್ಮ ಉಕ್ಕನ್ನು ಪರೀಕ್ಷೆ ಮಾಡಿದರು. ಅವರಿಗೂ ಪೂರ್ತಿ ಗುಟ್ಟು ಸಿಗಲಿಲ್ಲ. 1998 ರಲ್ಲಿ ಅಮೆರಿಕದ ವಿಜ್ಞಾನಿ ವೆರ್ಹೂವನ್ ಮತ್ತು ಕಂಬಾರ ಪೆಂಡ್ರೆ ಕೂಡಿ ಒಂದು ಕಾರಣ ತೋರಿಸಿದರು. ಆ ಕಬ್ಬಿಣದ ಕಲ್ಲಿನಲ್ಲಿ ವೆನೇಡಿಯಂ ಎಂಬ ಇನ್ನೊಂದು ಲೋಹ ಚಿಟಿಕೆಗಿಂತ ಕಡಿಮೆ ಇರುತ್ತಿತ್ತು. ಅದಿದ್ದರೆ ಗೆರೆ ಏಳುತ್ತವೆ, ಇಲ್ಲದಿದ್ದರೆ ಏಳುವುದಿಲ್ಲ. ಅವರಿಬ್ಬರೂ ಹಳೆಯದಕ್ಕೆ ಸರಿಯಾಗಿ ಹೋಲುವ ಅಲಗುಗಳನ್ನು ಮಾಡಿ ತೋರಿಸಿದರು. ಒಬ್ಬರು ಓದಿದವರು, ಒಬ್ಬರು ಬಡಿಯುವವರು. ಇಬ್ಬರೂ ಬೇಕಾಯಿತು.

ಈಗ ಪೇಟೆಯಲ್ಲಿ ಡಮಾಸ್ಕಸ್ ಚಾಕು ಅಂತ ಮಾರುತ್ತಾರೆ. ಅದು ಬಹುತೇಕ ಎರಡು ಥರದ ಉಕ್ಕಿನ ಪಟ್ಟಿ ಮಡಚಿ ಬೆಸೆದದ್ದು. ಗೆರೆ ಚಂದ ಇರುತ್ತವೆ. ಆದರೆ ಮೂಸೆಯ ಉಕ್ಕಲ್ಲ. ಹೆಸರು ನೋಡಿ ರೊಕ್ಕ ಕೊಡಬೇಡ್ರಿ.

ಈ ಕೆಲಸ ಯಾಕೆ ನಿಂತಿತು?

ಒಂದೇ ಕಾರಣ ಇಲ್ಲ. ಬಂದೂಕು ಬಂದ ಮೇಲೆ ಕತ್ತಿಯ ಕೆಲಸ ಇಳಿಯಿತು. 1856 ರಲ್ಲಿ ಇಂಗ್ಲೆಂಡಿನ ಬೆಸೆಮರ್ ಸೋವಿಯಾಗಿ, ರಾಶಿರಾಶಿ ಉಕ್ಕು ಮಾಡುವ ರೀತಿ ಕಂಡುಹಿಡಿದ. ಇತ್ತ 1853 ರಲ್ಲಿ ಮುಂಬಯಿ-ಠಾಣೆ ನಡುವೆ ರೈಲು ಓಡಿತ್ತು. ರೈಲು ಹೋದಲ್ಲೆಲ್ಲ ವಿಲಾಯತಿ ಕಬ್ಬಿಣ ಹೋಯಿತು. 1865 ರಲ್ಲಿ, ಮತ್ತೆ 1878 ರಲ್ಲಿ ಇಂಗ್ಲಿಷ್ ಸರಕಾರ ಅಡವಿಯ ಕಾಯ್ದೆ ತಂದಿತು. ಇದ್ದಿಲಿಗೆ ಕಟ್ಟಿಗೆ ಕಡಿಯುವುದು ಕಷ್ಟವಾಯಿತು. 1878 ರಲ್ಲೇ ಆಯುಧದ ಕಾಯ್ದೆಯೂ ಬಂತು, ಆಯುಧ ಇಡಲು ಪರವಾನಗಿ ಬೇಕಾಯಿತು. ಇದ್ದಿಲು ತುಟ್ಟಿ, ಗಿರಾಕಿ ಇಲ್ಲ. ಕುಲುಮೆ ಆರಿತು.

ಇನ್ನೊಂದು ಮಾತನ್ನು ಬಿಡದೆ ಹೇಳಬೇಕು. ಮೂಸೆಗೆ ಎಷ್ಟು ಹೊಟ್ಟು, ಯಾವ ಮಣ್ಣು, ಕೆಂಪು ಎಷ್ಟು ಕೆಂಪು, ಇದೆಲ್ಲ ತಂದೆಯ ಕೈಯಿಂದ ಮಗನ ಕೈಗೆ ಬರುತ್ತಿತ್ತು. ಮಾಡುವವರು ಬರೆದಿಡಲಿಲ್ಲ, ಅವರಿಗೆ ಅಕ್ಷರ ಕಲಿಸಿದವರು ಯಾರೂ ಇರಲಿಲ್ಲ. ಬರೆದವರು ದಾರಿಯಲ್ಲಿ ಹೋಗುವವರು, ಒಂದೆರಡು ದಿನ ನಿಂತು ನೋಡಿದವರು. ಆ ಮೂಸೆ ಮುಚ್ಚಿದ ಮನುಷ್ಯನ ಹೆಸರು ನಮಗೆ ಸಿಗುವುದಿಲ್ಲ. ನೋಡಿದವನ ಹೆಸರು ಸಿಗುತ್ತದೆ.

ನಮ್ಮ ಕಡೆಯ ಕಂಬಾರ ಸಾಲಿ

ಬೆಳುಂಕಿ, ಸಂಖ, ಉಮದಿ ಈ ಕಡೆ ಹಿಂದೆ ಕಂಬಾರನಿಗೆ ರೊಕ್ಕ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಜೋಳದ ಆಯ ಕೊಡುತ್ತಿದ್ದರು. ಮರಾಠಿಯಲ್ಲಿ ಬಲುತೆ. ಈಗ ಟ್ರ್ಯಾಕ್ಟರು ಬಂದಿದೆ, ಕುಂಟೆಯ ಕುಡ ಬಡಿಸುವವರು ಕಡಿಮೆ. ಆದರೂ ಕಬ್ಬು ಕಡಿಯಲು ಟೋಳಿ ಕಟ್ಟಿಕೊಂಡು ಹೋಗುವವರಿಗೆ ಕೊಯ್ತಾ ಬೇಕೇ ಬೇಕು. ಕಂಬಾರ ಅದನ್ನು ಹೆಚ್ಚಾಗಿ ಹಳೇ ಲಾರಿಯ ಕಮಾನು ಪಟ್ಟಿಯಿಂದ ಮಾಡುತ್ತಾನೆ. ಕಿಟಕಿ ಸರಳಿನಿಂದ ಮಾಡಿದರೆ ಎರಡು ದಿನಕ್ಕೆ ಬಾಯಿ ಮಡಚುತ್ತದೆ. ಕಾರಣ ಮೇಲೆ ಓದಿದ್ದೀರಿ, 2 ಗ್ರಾಂ ಮತ್ತು 6 ಗ್ರಾಂ.

ಕೊಯ್ತಾ ಬಡಿಸಲು ಹೋದಾಗ ಅವಸರ ಮಾಡಬೇಡ್ರಿ, ಸ್ವಲ್ಪ ನಿಂತು ನೋಡ್ರಿ. "ಕಾಕಾ, ಯಾವ ಬಣ್ಣಕ್ಕ ನೀರಿಗೆ ಹಾಕ್ತೀರಿ?" ಅಂತ ಕೇಳ್ರಿ. ಕಂಬಾರ ಕಾವನ್ನು ಅಳೆಯುವುದು ಕಣ್ಣಿನಿಂದ. ಬಿಸಿಲಿನಲ್ಲಿ ಕೆಂಪಿನ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಆತ ಕುಲುಮೆಯನ್ನು ನೆರಳಿನಲ್ಲಿ, ಕತ್ತಲಿದ್ದ ಮೂಲೆಯಲ್ಲಿ ಹೂಡಿರುತ್ತಾನೆ.