ನಡೆಯದ ದರೋಡೆಗೆ ಶಿಕ್ಷೆ: ಮೇಲ್ಮನವಿಯ ದಾರಿ ಎಲ್ಲಿಗೆ?

ಕರಾವಳಿಯ ಪತ್ರಿಕೆಗಳನ್ನು ತಪ್ಪದೆ ಓದುವವರಿಗೆ ಈ ಸುದ್ದಿ ಹೆಚ್ಚುಕಡಿಮೆ ಬಾಯಿಪಾಠ. ಅಪರಾತ್ರಿ ಹೆದ್ದಾರಿಯ ಬದಿಯಲ್ಲಿ ಒಂದು ವಾಹನ ನಿಂತಿರುತ್ತದೆ. ಗಸ್ತಿನಲ್ಲಿದ್ದ ಪೊಲೀಸರು ಸಂಶಯಗೊಂಡು ವಿಚಾರಿಸುತ್ತಾರೆ. ಒಳಗಿದ್ದವರ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಬ್ಬರು ಕತ್ತಲಲ್ಲಿ ಓಡಿಹೋಗುತ್ತಾರೆ. ಸಿಕ್ಕ ಮೂವರಿಂದ ಕತ್ತಿ, ಕಬ್ಬಿಣದ ರಾಡು, ನೈಲಾನ್ ಹಗ್ಗ, ಖಾರದ ಪುಡಿಯ ಪೊಟ್ಟಣ ವಶವಾಗುತ್ತವೆ. 'ದರೋಡೆಗೆ ಸಂಚು: ಮೂವರ ಬಂಧನ, ಇಬ್ಬರು ಪರಾರಿ' ಎಂಬ ತಲೆಬರಹ ಮರುದಿನ ಸಿದ್ಧ. ಊರು ಭಟ್ಕಳವಾಗಬಹುದು, ಹೊನ್ನಾವರವಾಗಬಹುದು, ಕುಮಟೆಯಾಗಬಹುದು; ಪೊಟ್ಟಣದೊಳಗಿನ ಖಾರ ಮಾತ್ರ ಬದಲಾಗುವುದಿಲ್ಲ.

ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಪ್ರಕರಣ ಮುಗಿಯುವುದಿಲ್ಲ. ಕೆಲವೊಮ್ಮೆ ವರ್ಷಗಳ ನಂತರ ಶಿಕ್ಷೆಯೂ ಆಗುತ್ತದೆ. ಯಾರ ಮನೆಯ ಬಾಗಿಲೂ ಮುರಿದಿಲ್ಲ, ಯಾರ ಕೊರಳಿನ ಸರವೂ ಹೋಗಿಲ್ಲ. ಆದರೂ ಆರೋಪಿ ಜೈಲಿನಲ್ಲಿರುತ್ತಾನೆ. ಇಂಥ ಶಿಕ್ಷೆಯ ವಿರುದ್ಧ ಮೇಲ್ಮನವಿ ಸಲ್ಲಿಸಿದಾಗ ಮೇಲಿನ ನ್ಯಾಯಾಲಯ ನೋಡುವುದಾದರೂ ಏನನ್ನು? ನಡೆದದ್ದನ್ನು ಸಾಕ್ಷಿ ಹೇಳಬಲ್ಲದು. ನಡೆಯಲಿದ್ದುದನ್ನು ಹೇಳುವವರು ಯಾರು?

ಮೊದಲು ಪದಗಳ ಲೆಕ್ಕ. ಜನಸಾಮಾನ್ಯರ ಬಾಯಲ್ಲಿ ಸುಲಿಗೆ, ದರೋಡೆ ಎರಡೂ ಒಂದೇ. ಕಾನೂನಿನಲ್ಲಿ ಅವೆರಡರ ನಡುವೆ ನಿಂತಿರುವುದು ಐದು ಎಂಬ ಅಂಕಿ. ನಾಲ್ವರು ಸೇರಿ ಬೆದರಿಸಿ ಕಿತ್ತುಕೊಂಡರೆ ಸುಲಿಗೆ. ಐವರು ಅಥವಾ ಹೆಚ್ಚು ಮಂದಿ ಸೇರಿ ಅದನ್ನೇ ಮಾಡಿದರೆ ದರೋಡೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ದರೋಡೆಗೆ ಸಿದ್ಧತೆ ನಡೆಸುವುದು 399ನೇ ಕಲಮಿನ ಅಪರಾಧ, ಹತ್ತು ವರ್ಷಗಳವರೆಗೆ ಕಠಿಣ ಶಿಕ್ಷೆ. ದರೋಡೆಗೆಂದು ಒಂದೆಡೆ ಸೇರುವುದು 402ನೇ ಕಲಮಿನ ಅಪರಾಧ, ಏಳು ವರ್ಷಗಳವರೆಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೆರಡೂ 310ನೇ ಕಲಮಿನ ಉಪವಿಭಾಗಗಳಾಗಿವೆ. ಶಿಕ್ಷೆಯ ಪ್ರಮಾಣ ಹಾಗೆಯೇ ಇದೆ. ಆ ದಿನಾಂಕಕ್ಕಿಂತ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯ.

ನಾಲ್ವರಿಗೂ ಐವರಿಗೂ ಇರುವ ಅಂತರ ಎಷ್ಟು ದೊಡ್ಡದೆಂದು ನೋಡಬೇಕು. ಸುಲಿಗೆಗೆ ಸಿದ್ಧತೆ ಮಾಡಿಕೊಳ್ಳುವುದಷ್ಟೇ ಅಪರಾಧವಲ್ಲ. ನಾಲ್ವರು ಕೂಡಿ ಒಪ್ಪಂದ ಮಾಡಿಕೊಂಡಿದ್ದರೆ ಅದು ಒಳಸಂಚು ಆಗುತ್ತದೆ ನಿಜ; ಆದರೆ ಸುಲಿಗೆ ನಡೆಯದೇ ಹೋದಲ್ಲಿ ಶಿಕ್ಷೆ ಸುಲಿಗೆಯ ಗರಿಷ್ಠ ಅವಧಿಯ ಕಾಲುಭಾಗಕ್ಕೆ ಸೀಮಿತ. ಹತ್ತು ವರ್ಷದ ಕಾಲುಭಾಗವೆಂದರೆ ಎರಡೂವರೆ ವರ್ಷ. ಐದನೆಯವನೊಬ್ಬ ಇದ್ದನೆಂದು ಸಾಬೀತಾಗಿ ವಿಷಯ ದರೋಡೆಯ ಸಿದ್ಧತೆಗೆ ತಿರುಗಿತೋ, ಲೆಕ್ಕ ಹತ್ತು ವರ್ಷಕ್ಕೆ ಏರುತ್ತದೆ. ಕತ್ತಲಲ್ಲಿ ಓಡಿಹೋದ ಆ ಇಬ್ಬರ ಮಹತ್ವ ಈಗ ಓದುಗರಿಗೆ ಹೊಳೆದಿರಬೇಕು.

ಕೊಲೆಗೆಂದು ಕತ್ತಿ ಮಸೆದವನನ್ನು ಬರೀ ಮಸೆದದ್ದಕ್ಕೆ ದಂಡಿಸದ ಕಾನೂನು ದರೋಡೆಯ ವಿಷಯದಲ್ಲಿ ಯಾಕೆ ಇಷ್ಟು ಕಠಿಣ? ಉತ್ತರ 19ನೇ ಶತಮಾನದ ಮೊದಲ ಭಾಗದಲ್ಲಿದೆ. ಕಂಪನಿ ಸರ್ಕಾರಕ್ಕೆ ಆಗ ದಾರಿಗಳ್ಳರ ಗುಂಪುಗಳದ್ದೇ ದೊಡ್ಡ ಭಯ. ಉತ್ತರದಲ್ಲಿ ಠಕ್ಕರೆಂದೂ ದಕ್ಷಿಣದಲ್ಲಿ ಫಾಸಿಗಾರರೆಂದೂ ಕರೆಸಿಕೊಂಡವರನ್ನು ಹತ್ತಿಕ್ಕಲು 1836ರಲ್ಲಿ ಪ್ರತ್ಯೇಕ ಶಾಸನವೇ ಬಂತು. ಠಕ್ಕರ ಗುಂಪಿಗೆ ಸೇರಿದ್ದನೆಂದು ತೋರಿಸಿದರೆ ಸಾಕು, ಜೀವಾವಧಿ ಶಿಕ್ಷೆ. ಅದೇ ಭಯ 1860ರ ಸಂಹಿತೆಯ ಒಳಗೂ ಬಂದು ಕುಳಿತಿತು. ಹೀಗಾಗಿ ದರೋಡೆಯಲ್ಲಿ ಸೇರುವುದು, ಸಿದ್ಧವಾಗುವುದು, ಯತ್ನಿಸುವುದು, ಮಾಡುವುದು ಎಲ್ಲವೂ ಶಿಕ್ಷಾರ್ಹ. ಹೊಸ ನ್ಯಾಯ ಸಂಹಿತೆ ಠಕ್ಕರ ಕಲಮನ್ನು ಕೈಬಿಟ್ಟಿತು. ದರೋಡೆಗೆ ಸೇರುವವರ ಕಲಮನ್ನು ಉಳಿಸಿಕೊಂಡಿತು. ಇನ್ನು ಒಳಸಂಚು ತಾನೇ ಒಂದು ಸ್ವತಂತ್ರ ಅಪರಾಧವಾಗಿ 120-ಬಿ ಕಲಮಿನ ರೂಪದಲ್ಲಿ ಸೇರಿದ್ದು 1913ರಲ್ಲಿ. ಹೊಸ ಸಂಹಿತೆಯಲ್ಲಿ ಅದು 61ನೇ ಕಲಂ.

ಮೇಲ್ಮನವಿಯಲ್ಲಿ ವಕೀಲರು ಸಾಮಾನ್ಯವಾಗಿ ಕೈಹಾಕುವುದು ಉದ್ದೇಶಕ್ಕೆ. 'ಊರಿಗೆ ಬಂದವಳು ನೀರಿಗೆ ಬಾರದಿರುವಳೇ' ಎಂಬ ಗಾದೆ ಹಳ್ಳಿಯ ಕಟ್ಟೆಯ ಮೇಲೆ ನಡೆಯುತ್ತದೆ, ಕ್ರಿಮಿನಲ್ ನ್ಯಾಯಾಲಯದಲ್ಲಿ ನಡೆಯಬಾರದು. ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುವುದು ಬಿಹಾರದಿಂದ ಬಂದ ಚತುರಿ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲಿ ಕೊಟ್ಟ ತೀರ್ಪು. ರಾತ್ರಿ ಒಂದು ಗಂಟೆಗೆ ಶಾಲೆಯೊಂದರ ಆವರಣದಲ್ಲಿ ಕೆಲವರು ಸಿಕ್ಕಿಬಿದ್ದಿದ್ದರು. ಕೆಲವರ ಬಳಿ ಬಂದೂಕು, ಕೆಲವರ ಬಳಿ ತೋಟಾ. ಆ ವೇಳೆಯಲ್ಲಿ ಅಲ್ಲೇಕೆ ಇದ್ದರೆಂಬುದಕ್ಕೆ ಅವರಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಕೆಳಗಿನ ನ್ಯಾಯಾಲಯಗಳು 399 ಮತ್ತು 402ರ ಅಡಿ ಶಿಕ್ಷಿಸಿದ್ದವು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅವರು ಯಾರನ್ನೋ ಕೊಲ್ಲಲು ಬಂದಿರಬಹುದು, ಬೇರೆ ಯಾವುದೋ ಅಪರಾಧಕ್ಕೆ ಸೇರಿರಬಹುದು. ದರೋಡೆಗೇ ಸೇರಿದ್ದರೆಂದು ತೋರಿಸುವ ಪುರಾವೆ ಎಲ್ಲಿದೆ ಎಂದು ಕೇಳಿ ಬಿಡುಗಡೆ ಮಾಡಿತು. ಕೊಲೆಗೆ ಬಂದಿರಬಹುದೆಂಬ ಕಾರಣಕ್ಕೆ ಒಬ್ಬ ಬಿಡುಗಡೆಯಾಗುವುದು ವಿಚಿತ್ರವಾಗಿ ಕಾಣುತ್ತದೆ. ಆದರೆ ಆರೋಪಪಟ್ಟಿಯಲ್ಲಿ ಬರೆದ ಅಪರಾಧವನ್ನೇ ಸಾಬೀತು ಮಾಡಬೇಕೆಂಬುದು ನಿಯಮ.

ಈ ತರ್ಕವನ್ನು ಉತ್ತರ ಕನ್ನಡದ ಕರಾವಳಿಗೆ ತಂದು ನೋಡಿದರೆ ಅದರ ತೂಕ ಇನ್ನೂ ಸ್ಪಷ್ಟವಾಗುತ್ತದೆ. ತೆಂಗು, ಅಡಿಕೆಯ ಈ ನಾಡಿನಲ್ಲಿ ಕತ್ತಿ ಮನೆಮನೆಯ ಸಲಕರಣೆ. ಭಟ್ಕಳ, ಕಾಸರಕೋಡು, ತದಡಿಯ ಬಂದರುಗಳಲ್ಲಿ ನಸುಕಿಗೆ ಮೊದಲೇ ಜನ ಓಡಾಡುತ್ತಾರೆ. ಮೀನಿನ ಲಾರಿಗಳು ಇರುಳೆಲ್ಲ ಹೆದ್ದಾರಿಯಲ್ಲಿರುತ್ತವೆ. ಯಕ್ಷಗಾನದ ಆಟ ಮುಗಿಸಿ ನಾಲ್ಕೈದು ಜನ ಒಟ್ಟಾಗಿ ಮನೆಗೆ ನಡೆಯುವುದೂ ಇಲ್ಲಿ ಹೊಸದಲ್ಲ. ಹೀಗೆಂದು ಕತ್ತಿ, ಹಗ್ಗ ಹಿಡಿದು ರಾತ್ರಿ ಕಂಡವರೆಲ್ಲ ಅಮಾಯಕರೆಂದಲ್ಲ. ಹೆದ್ದಾರಿಯಲ್ಲಿ ಸುಲಿಗೆಗೊಳಗಾದ ಲಾರಿ ಚಾಲಕನ ಕಷ್ಟವೂ ಸಣ್ಣದಲ್ಲ. ಪೊಲೀಸರು ಕೃತ್ಯ ನಡೆಯುವ ತನಕ ಕಾಯುತ್ತ ಕೂರಬೇಕೆಂದು ಯಾರೂ ಹೇಳಲಾರರು. ಆದರೆ ತಡೆಯುವುದು ಒಂದು, ಹತ್ತು ವರ್ಷ ಜೈಲಿಗೆ ಕಳುಹಿಸುವುದು ಇನ್ನೊಂದು.

ಉದ್ದೇಶಕ್ಕೆ ಪುರಾವೆಯಾಗಿ ಪೊಲೀಸರು ಮುಂದಿಡುವುದು ಹೆಚ್ಚಾಗಿ ಆರೋಪಿಯ 'ಸ್ವಇಚ್ಛಾ ಹೇಳಿಕೆ'ಯನ್ನು. ಠಾಣೆಯಲ್ಲಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಅದರಿಂದ ಯಾವುದಾದರೂ ವಸ್ತು ಪತ್ತೆಯಾಗಿದ್ದರೆ ಆ ಪತ್ತೆಗೆ ಸಂಬಂಧಿಸಿದ ಮಾತಿಗಷ್ಟೇ ಬೆಲೆ. ಸಂಚುಗಾರರಲ್ಲಿ ಒಬ್ಬನ ಮಾತನ್ನು ಇನ್ನೊಬ್ಬನ ವಿರುದ್ಧ ಬಳಸಲು 1872ರ ಸಾಕ್ಷ್ಯ ಅಧಿನಿಯಮದ 10ನೇ ಕಲಂ ಅವಕಾಶ ಕೊಟ್ಟಿತ್ತು. ಆದರೆ ಸಂಚು ಜೀವಂತವಿದ್ದಾಗ ಆಡಿದ ಮಾತಿಗೆ ಮಾತ್ರ ಆ ಅವಕಾಶ, ಬಂಧನದ ನಂತರದ ಹೇಳಿಕೆಗೆ ಅಲ್ಲ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1940ರಲ್ಲೇ, ಪೆಶಾವರದ ಮಿರ್ಜಾ ಅಕ್ಬರ್ ಪ್ರಕರಣದಲ್ಲಿ ಹೇಳಿತ್ತು. ಇದನ್ನೆಲ್ಲ ಕಳೆದ ಮೇಲೆ ಉಳಿಯುವುದು ವಶಪಡಿಸಿಕೊಂಡ ವಸ್ತು ಮತ್ತು ಪಂಚನಾಮೆ. (ಹಳೆಯ ಮೈಸೂರಿನವರು ಇದನ್ನೇ ಮಹಜರು ಎನ್ನುತ್ತಾರೆ, ಮುಂಬಯಿ ಆಡಳಿತದ ಋಣ ಉತ್ತರ ಕನ್ನಡದ ಕಡತಗಳಲ್ಲಿ ಇನ್ನೂ ಉಳಿದಿದೆ.) ಪಂಚರು ನ್ಯಾಯಾಲಯದಲ್ಲಿ 'ಠಾಣೆಯಲ್ಲಿ ಸಹಿ ಹಾಕಿದೆವು, ಸ್ಥಳಕ್ಕೆ ಹೋಗಿಲ್ಲ' ಎಂದುಬಿಟ್ಟರೆ, ನಿಲ್ಲುವುದು ಪೊಲೀಸರ ಮಾತೊಂದೇ. ಅದೊಂದೇ ಕಾರಣಕ್ಕೆ ಆ ಮಾತನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಅದನ್ನು ಎಚ್ಚರಿಕೆಯಿಂದ ತೂಗಬೇಕಾಗುತ್ತದೆ.

ಮೇಲ್ಮನವಿಯ ಇನ್ನೊಂದು ಅಸ್ತ್ರ ತಲೆಗಳ ಲೆಕ್ಕವೇ. ಹೆಸರಿಸಿದ ಆರೋಪಿಗಳಲ್ಲಿ ಕೆಲವರು ಬಿಡುಗಡೆಯಾಗಿ ಉಳಿದವರು ಐವರಿಗಿಂತ ಕಡಿಮೆಯಾದರೆ ದರೋಡೆಯ ಶಿಕ್ಷೆ ನಿಲ್ಲುವುದಿಲ್ಲ ಎಂಬುದನ್ನು 1983ರ ರಾಮ್ ಲಖನ್ ತೀರ್ಪಿನಲ್ಲಿ ಕಾಣಬಹುದು. ಗುರುತು ಸಿಗದ ಇತರರೂ ಇದ್ದರೆಂದು ಆರೋಪದಲ್ಲಿ ಹೇಳಿ, ಸಾಕ್ಷ್ಯದಿಂದ ತೋರಿಸಿದ್ದರೆ ಮಾತು ಬೇರೆ. ಒಳಸಂಚಿಗೂ ಇಂಥದೇ ಗಣಿತ. ಒಬ್ಬನೇ ಕೂತು ಸಂಚು ಮಾಡಲು ಬರುವುದಿಲ್ಲ. ಜೊತೆಗಾರರೆಂದು ಹೇಳಲಾದವರೆಲ್ಲ ಬಿಡುಗಡೆಯಾದ ಮೇಲೆ ಉಳಿದ ಒಬ್ಬನನ್ನು ಸಂಚಿಗಾಗಿ ಶಿಕ್ಷಿಸಲಾಗದೆಂದು 1955ರಲ್ಲಿ ಮುಂಬಯಿಯ ತೋಪನ್‌ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಇದೆಲ್ಲ ಕಾನೂನಿನ ಮಾತಾಯಿತು. ಅಪೀಲು ಹಾಕಲು ಎಲ್ಲಿಗೆ ಹೋಗಬೇಕು? ಉತ್ತರ ಕನ್ನಡದವರಿಗೆ ಈ ಪ್ರಶ್ನೆಯ ಉತ್ತರ ಬದಲಾಗುತ್ತಲೇ ಬಂದಿದೆ. ಕೆನರಾ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದಷ್ಟು ಕಾಲ ಕಡತ ಮದರಾಸಿಗೆ ಹೋಗುತ್ತಿತ್ತು. 1862ರಲ್ಲಿ ಜಿಲ್ಲೆಯ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಂಡ ಸಂಹಿತೆ ಜಾರಿಗೆ ಬಂದದ್ದೂ ಮುಂಬಯಿ ಹೈಕೋರ್ಟ್ ಬಾಗಿಲು ತೆರೆದದ್ದೂ ಅದೇ ವರ್ಷ. ವರ್ಗಾವಣೆಯ ಹಿಂದಿದ್ದದ್ದು ನ್ಯಾಯದಾನದ ಚಿಂತೆಯಲ್ಲ, ಹತ್ತಿ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು; ಬಂದರು, ರಸ್ತೆ ಮುಂಬಯಿಯ ಕೈಯಲ್ಲಿದ್ದರೆ ಅನುಕೂಲವೆಂದು ವರ್ತಕರ ಒತ್ತಾಯವಿತ್ತು. ಹೀಗೆ ಹತ್ತಿಗಾಗಿ ಎಳೆದ ಗೆರೆಯಿಂದ ಭಟ್ಕಳದವನ ಅಪೀಲು ಮುಂಬಯಿಗೆ, ಪಕ್ಕದ ಶಿರೂರಿನವನದು ಮದರಾಸಿಗೆ ಎಂದಾಯಿತು.

1956ರ ನವೆಂಬರ್ 1ರಂದು ಇಬ್ಬರಿಗೂ ಬೆಂಗಳೂರೇ ಹೈಕೋರ್ಟಿನ ಊರಾಯಿತು. 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಆಯಿತು. ಉತ್ತರ ಕನ್ನಡ ಧಾರವಾಡ ಪೀಠಕ್ಕೆ ಸೇರಿತು, ಉಡುಪಿ ಜಿಲ್ಲೆ ಬೆಂಗಳೂರಿನಲ್ಲೇ ಉಳಿಯಿತು. ಶಿರೂರು, ಭಟ್ಕಳದ ನಡುವಿನ ಹಳೆಯ ಗೆರೆ ಮತ್ತೆ ಮೂಡಿದಂತಾಯಿತು. ಭಟ್ಕಳದವರಿಗೆ ಬೆಂಗಳೂರಿನ ದೂರ ತಪ್ಪಿತು, ಘಟ್ಟ ಹತ್ತುವುದು ತಪ್ಪಲಿಲ್ಲ.

ದರೋಡೆಯ ಸಿದ್ಧತೆಯಂಥ ಪ್ರಕರಣ ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ಶುರುವಾದರೂ ವಿಚಾರಣೆ ನಡೆಯುವುದು ಸೆಷನ್ಸ್ ನ್ಯಾಯಾಲಯದಲ್ಲಿ. ಅಲ್ಲಿ ಶಿಕ್ಷೆಯಾದರೆ 60 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು. ಬರೀ ಸುಲಿಗೆಯ ಆರೋಪದಲ್ಲಿ ಮ್ಯಾಜಿಸ್ಟ್ರೇಟರೇ ಶಿಕ್ಷೆ ಕೊಟ್ಟಿದ್ದರೆ ಸೆಷನ್ಸ್ ನ್ಯಾಯಾಲಯಕ್ಕೆ, 30 ದಿನಗಳೊಳಗೆ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಬೇಕಾದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು. ಅಪೀಲು ಸಲ್ಲಿಸಿದ ಮಾತ್ರಕ್ಕೆ ಶಿಕ್ಷೆ ನಿಲ್ಲದು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವಂತೆ ಬೇರೆಯೇ ಅರ್ಜಿ ಬೇಕು. ಆರೋಪಿಯೊಬ್ಬನೇ ಅಪೀಲು ಹೋದಾಗ ಅವನ ಶಿಕ್ಷೆಯನ್ನು ಹೆಚ್ಚಿಸಲು ಬರುವುದಿಲ್ಲವೆಂಬುದು ಹಲವರಿಗೆ ಗೊತ್ತಿಲ್ಲ. 'ಮೇಲೆ ಹೋದರೆ ಇನ್ನೂ ಜಾಸ್ತಿಯಾದೀತು' ಎಂಬ ಹೆದರಿಕೆಗೆ ಸರ್ಕಾರವೂ ಪ್ರತ್ಯೇಕವಾಗಿ ಅಪೀಲು ಹೋಗಿದ್ದರೆ ಮಾತ್ರ ಅರ್ಥವಿದೆ.

ನಿಜವಾಗಿ ಹೆದರಬೇಕಾದದ್ದು ಇನ್ನೊಂದಕ್ಕೆ. ವಿಚಾರಣೆ ಎಳೆದಾಡುತ್ತಿದ್ದು ಜಾಮೀನು ಸಿಗದ ಬಡವನಿಗೆ, ತಪ್ಪೊಪ್ಪಿಕೊಂಡರೆ ಜೈಲಿನಲ್ಲಿ ಈಗಾಗಲೇ ಕಳೆದ ದಿನಗಳೇ ಶಿಕ್ಷೆಯೆಂದು ಬಿಟ್ಟುಬಿಟ್ಟಾರೆಂಬ ಆಸೆ ಹುಟ್ಟುವುದು ಸಹಜ. ಸೆಷನ್ಸ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದವನು ಆಮೇಲೆ ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನು ಪ್ರಶ್ನಿಸಬಹುದೇ ಹೊರತು ತಾನು ಅಪರಾಧಿಯಲ್ಲ ಎಂದು ಮೇಲ್ಮನವಿಯಲ್ಲಿ ವಾದಿಸಲು ಸಾಧ್ಯವಿಲ್ಲ. ಚತುರಿ ಯಾದವ್ ತೀರ್ಪು ಅವನ ಪಾಲಿಗೆ ಇದ್ದೂ ಇಲ್ಲದಂತೆ.

ಜೈಲಿನಲ್ಲಿರುವವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು, ವಕೀಲರನ್ನಿಡಲು ಶಕ್ತಿಯಿಲ್ಲದವನಿಗೆ ಉಚಿತ ಕಾನೂನು ನೆರವು ದೊರೆಯಬೇಕು ಎಂದು ಸುಪ್ರೀಂ ಕೋರ್ಟ್ ಸಾರಿದ್ದು 1978ರ ಹೊಸ್ಕೋಟ್ ಪ್ರಕರಣದಲ್ಲಿ. ಅದರ ಮೂಲದಲ್ಲಿಯೂ ಧಾರವಾಡವಿದೆ ಎಂಬುದು ಕುತೂಹಲಕರ. ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನ ನಕಲಿ ಮೊಹರು ಮಾಡಿಸಲು ಹೊರಟ ಆರೋಪವದು. ತೀರ್ಪಿನ ಪ್ರತಿ ವರ್ಷಗಳ ತನಕ ತಮ್ಮ ಕೈಸೇರಲಿಲ್ಲವೆಂಬುದು ಅರ್ಜಿದಾರರ ದೂರಾಗಿತ್ತು. ಅವರ ಅರ್ಜಿ ವಜಾ ಆಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನ ಲಾಭ ಸಿಕ್ಕಿದ್ದು ನಂತರ ಬಂದ ಕೈದಿಗಳಿಗೆ. ಕೈದಿಯು ಅಪೀಲಿನ ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೂ ಸಾಕು, ಅದನ್ನು ನ್ಯಾಯಾಲಯಕ್ಕೆ ತಲುಪಿಸುವುದು ಆ ಅಧಿಕಾರಿಯ ಹೊಣೆ.

ಐವರಲ್ಲಿ ಒಬ್ಬ ಮಾತ್ರ ಅಪೀಲು ಹೋಗಿ ಉಳಿದ ನಾಲ್ವರು ಹಣವಿಲ್ಲದೆ ಸುಮ್ಮನಾಗುವ ಸಂದರ್ಭಗಳೂ ಇರುತ್ತವೆ. ಆ ಒಬ್ಬ ಗೆದ್ದದ್ದು ಅವನೊಬ್ಬನಿಗೇ ಅನ್ವಯಿಸುವ ಕಾರಣದಿಂದಾದರೆ ಉಳಿದವರಿಗೆ ಉಪಯೋಗವಿಲ್ಲ. ದರೋಡೆಯ ಉದ್ದೇಶವೇ ಸಾಬೀತಾಗಿಲ್ಲ ಅಥವಾ ಐವರಿದ್ದರೆಂಬುದೇ ಸಾಬೀತಾಗಿಲ್ಲ ಎಂಬಂಥ ಎಲ್ಲರಿಗೂ ಸಮಾನವಾದ ಕಾರಣದಿಂದಾದರೆ, ಅಪೀಲು ಹೋಗದವರಿಗೂ ಅದರ ಲಾಭ ಕೊಡಬಹುದೆಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಹಾಗೆ ಆದೇಶವಾದರೆ ಅರ್ಜಿಯನ್ನೇ ಹಾಕದ ನಾಲ್ವರಿಗೂ ಬಿಡುಗಡೆಯ ಕಾಗದ ಧಾರವಾಡದಿಂದ ಅವರಿರುವ ಜೈಲಿಗೆ ಹೋಗುತ್ತದೆ.