ಗಾಲಿಯ ಮೇಲಿನ ಸಂಸಾರ

ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ನಮಗೆ ಹಗಲುಗಳು ಬಹು ದೀರ್ಘವಾಗಿ ತೋರುತ್ತಿದ್ದುವು. ಅಮೆರಿಕೆಯಲ್ಲಿರುವ ಮಗನು ನಮ್ಮನ್ನು ಸಪತ್ನೀಕರಾಗಿ ಕರೆಯಿಸಿಕೊಂಡು, ಮಂಚ, ಒಲೆ, ಸ್ನಾನದ ಕೋಣೆಗಳುಳ್ಳ ಬಾಡಿಗೆಯ ಮೋಟಾರು ವಾಹನದಲ್ಲಿ ಇಲಿನಾಯ್ ಪ್ರಾಂತದ ಗಲೀನಾ ಎಂಬ ಪುಟ್ಟ ಪಟ್ಟಣಕ್ಕೆ ಕರೆದೊಯ್ದನು.

ಸೀಸದ ಅದಿರಿನ ಹೆಸರನ್ನೇ ಹೊತ್ತ ಆ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿಗಳಿಂದ ಐಶ್ವರ್ಯವನ್ನು ಪಡೆಯಿತು. ಗಣಿಗಾರಿಕೆ ಕುಗ್ಗಿತು, ನದಿಯಲ್ಲಿ ಹೂಳು ತುಂಬಿತು, ವೈಭವವಳಿಯಿತು. ಹಳೆಯ ಇಟ್ಟಿಗೆಯ ಕಟ್ಟಡಗಳು ಉಳಿದುವು. ಇಂದು ಯಾತ್ರಿಕರು ಅವನ್ನು ನೋಡಲೆಂದೇ ಬರುತ್ತಾರೆ. 1860ರಲ್ಲಿ ಅಲ್ಲಿ ತಂದೆಯ ಚರ್ಮದ ಅಂಗಡಿಯಲ್ಲಿ ದುಡಿಯುತ್ತಿದ್ದ ಯುಲಿಸಿಸ್ ಗ್ರಾಂಟನು 1869ರಲ್ಲಿ ರಾಷ್ಟ್ರಾಧ್ಯಕ್ಷನಾದನು.

ರಾತ್ರಿ ವಾಹನದೊಳಗೆ ಅನ್ನವನ್ನು ಬಾಗಿಸುತ್ತ ನಮ್ಮಾಕೆ, “ಗಣಿ ಮುಗಿದರೂ ಊರು ಮುಗಿಯಲಿಲ್ಲ, ನೋಡಿದಿರಾ?” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಎದ್ದು ತಟ್ಟೆಗಳನ್ನು ಹಾಕಿದೆವು.