ಮೆಣಸಿನ ಗಿಡದಲ್ಲಿ ಹೂ ನಿಲ್ಲದಿರುವುದೇಕೆ?

ಅನ್ನಪೂರ್ಣೇಶ್ವರಿ ನಗರದಲ್ಲಿ ನಮಗೆ ಬೇಕಾದವರ ಮನೆಯೊಂದುಂಟು. ಮೂವತ್ತು ನಲವತ್ತರ ನಿವೇಶನ, ಅದರ ಮೇಲೆ ಮೂರಂತಸ್ತು. ಮಣ್ಣು ಮುಟ್ಟಬೇಕೆಂದರೆ ತಾರಸಿಗೇ ಹತ್ತಬೇಕು. ಅಲ್ಲಿ ಸಾಲಾಗಿ ಹತ್ತು ಹನ್ನೆರಡು ಕುಂಡಗಳು, ಎಲ್ಲದರಲ್ಲೂ ಮೆಣಸಿನ ಗಿಡ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಾನು ಹೋಗಿದ್ದಾಗ ಮನೆಯ ಅಜ್ಜಿ ಮೇಲಕ್ಕೆ ಕರೆದುಕೊಂಡು ಹೋಗಿ, ಕುಂಡಗಳ ಸುತ್ತ ಚೆಲ್ಲಿಕೊಂಡಿದ್ದ ಬಿಳಿಯ ಹೂಗಳನ್ನು ತೋರಿಸಿದರು.

“ನೋಡಪ್ಪ, ಗಿಡದ ತುಂಬ ಹೂ ಬಿಡತ್ತೆ, ಒಂದೂ ಕಾಯಿ ಕಟ್ಟೋಲ್ಲ. ಯಾರ ಕಣ್ಣು ಬಿತ್ತೋ!” ಎಂದರು.

ದೃಷ್ಟಿ ತೆಗೆಯಲು ನಾವು ನೀವಾಳಿಸುವುದೇ ಮೆಣಸಿನಕಾಯಿಯನ್ನು. ಮೆಣಸಿನ ಗಿಡಕ್ಕೇ ದೃಷ್ಟಿ ತಾಕಿದರೆ ಇನ್ನೇನನ್ನು ನೀವಾಳಿಸುವುದು? ಸೊಸೆಯ ಅಭಿಪ್ರಾಯ ಬೇರೆಯಾಗಿತ್ತು. “ಹುಳ ಬಿದ್ದಿರಬೇಕು, ಔಷಧಿ ಹೊಡೆದರೆ ಸರಿಹೋಗತ್ತೆ” ಎಂದು ಆಕೆ ಅಂಗಡಿಯಿಂದ ತಂದಿದ್ದ ಕೀಟನಾಶಕದ ಸೀಸೆ ಮೆಟ್ಟಿಲ ಮೇಲೆ ಆಗಲೇ ಸಿದ್ಧವಾಗಿ ಕುಳಿತಿತ್ತು. ಆ ಸೀಸೆಯನ್ನು ಕಂಡದ್ದರಿಂದಲೇ ಈ ನಾಲ್ಕು ಮಾತು ಬರೆಯಬೇಕೆನಿಸಿತು. ಹೊಲದ ಬೆಳೆಗೂ ನಮ್ಮ ಬಾಯಿಗೂ ನಡುವೆ ಎಷ್ಟೋ ದಿನಗಳ ಅಂತರವಿರುತ್ತದೆ. ತಾರಸಿಯ ಮೆಣಸಿನಕಾಯಿ ಹಾಗಲ್ಲ. ಒಗ್ಗರಣೆ ಸಿಡಿಯುತ್ತಿರುವಾಗ ಮಗುವನ್ನು ಓಡಿಸಿ ಕಿತ್ತು ತರಿಸುವ ವಸ್ತು ಅದು. ನಿನ್ನೆ ಹೊಡೆದ ವಿಷ ಇಂದು ಉಪ್ಪಿಟ್ಟಿನಲ್ಲಿ ಇದ್ದೀತು.

ಔಷಧಿಗೆ ಮೊದಲು ನೆಲವನ್ನು ನೋಡಬೇಕು. ಉದುರಿದ್ದು ಏನು? ಬರಿಯ ಬಿಳಿ ದಳಗಳು ಮಾತ್ರ ಬಿದ್ದಿದ್ದರೆ ಸಂತೋಷಪಡಿ. ಕಾಯಿ ಕಟ್ಟಿದ ಮೇಲೆ ದಳಕ್ಕೆ ಕೆಲಸವಿಲ್ಲ; ಗಿಡದ ಮೇಲೆ, ಹಸಿರು ಬಟ್ಟಲಿನೊಳಗೆ, ಸಾಸಿವೆಯಷ್ಟು ಎಳೆಗಾಯಿ ಕುಳಿತಿರುತ್ತದೆ. ಹಾಗಲ್ಲದೆ ತೊಟ್ಟು ಸಮೇತ ಇಡೀ ಹೂವೇ ಬಿದ್ದಿದ್ದರೆ ಆಗ ಕಾರಣ ಹುಡುಕಬೇಕಾಗುತ್ತದೆ.

ತೊಟ್ಟು ಕೊಂಬೆಗೆ ಸೇರುವ ಕಡೆ ಒಂದು ಸಣ್ಣ ಗೆಣ್ಣು ಇದೆ. ಅಲ್ಲಿ ಕೆಲವೇ ಪದರ ಜೀವಕೋಶಗಳು ಬೇರ್ಪಡಲು ಸಿದ್ಧವಾಗಿ ಕಾದಿರುತ್ತವೆ. ಹೂ ಆರೋಗ್ಯವಾಗಿದ್ದು, ಪರಾಗ ಬಿದ್ದು, ಬೀಜ ಮೊಳೆಯತೊಡಗಿದರೆ ಅಲ್ಲಿಂದ ಆಕ್ಸಿನ್ ಎಂಬ ರಸ ತೊಟ್ಟಿನ ಮೂಲಕ ಕೆಳಗಿಳಿಯುತ್ತಲೇ ಇರುತ್ತದೆ. ‘ನಾನಿದ್ದೇನೆ, ಬಿಡಬೇಡ’ ಎಂದು ಹೂ ಗಿಡಕ್ಕೆ ಹೇಳಿಕಳುಹಿಸುವ ಸಮಾಚಾರ ಅದು ಎನ್ನೋಣ. ಸಮಾಚಾರ ನಿಂತು, ಎಥಿಲೀನ್ ಎಂಬ ಅನಿಲ ಹೆಚ್ಚಿದೊಡನೆ ಆ ಕೋಶಗಳ ನಡುವಿನ ಅಂಟು ಕರಗಿ ತೊಟ್ಟು ಕಳಚುತ್ತದೆ. ಹೂ ಉದುರುವುದೆಂದರೆ ಗಿಡ ಸೋತದ್ದಲ್ಲ, ಸಾಕಲಾರದ ಕೂಸನ್ನು ಅದೇ ಬಿಟ್ಟುಕೊಡುವುದು. ಎಲ್ಲ ಅನುಕೂಲಗಳಿದ್ದಾಗಲೂ ಮೆಣಸಿನ ಗಿಡ ತಾನು ಬಿಟ್ಟ ಹೂಗಳನ್ನೆಲ್ಲ ಉಳಿಸಿಕೊಳ್ಳುವುದಿಲ್ಲ.

ಸಮಾಚಾರ ನಿಲ್ಲುವುದೇಕೆ? ನಮ್ಮ ಊರಿನಲ್ಲಿ ಬೇಸಗೆಯ ಮಟ್ಟಿಗೆ ಮೊದಲ ಉತ್ತರ ಸೆಕೆ. ಮೆಣಸಿನಕಾಯಿ ನಮ್ಮದಲ್ಲ, ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ಬಂದದ್ದು. ಅದಕ್ಕೆ ಮುಂಚೆ ನಮಗೆ ಖಾರವೆಂದರೆ ಕರಿಮೆಣಸು. ಹೊಸ ಕಾಯಿಗೆ ಹೆಸರೂ ಅದರಿಂದಲೇ ಸಿಕ್ಕಿತು. ಖಾರದ ಕಾಯಿ ಬಿಡುವ ಗಿಡವಾದ್ದರಿಂದ ಎಂಥ ಬಿಸಿಲನ್ನೂ ತಡೆದೀತೆಂದು ನಾವು ತಿಳಿಯುತ್ತೇವೆ. ಎಲೆ ಕಾಂಡಗಳು ತಡೆಯುತ್ತವೆ, ಹೂ ತಡೆಯದು. ಹಗಲು ಸುಮಾರು 33 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಪರಾಗ ಬಂಜೆಯಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತಂಪು ಊರು ಎಂದು ನಾವು ಹೆಮ್ಮೆಪಟ್ಟುಕೊಳ್ಳುವುದು ಸರಿಯೆ. ಆದರೆ 2016ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ ಉಷ್ಣತೆ 39 ಡಿಗ್ರಿ ದಾಟಿತ್ತು. ಅದು ನೆರಳಿನಲ್ಲಿ ಅಳೆದ ಲೆಕ್ಕ. ಸಿಮೆಂಟಿನ ತಾರಸಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ನಿಂತ ಗಿಡಕ್ಕೆ ಮೇಲೊಂದು ಸೂರ್ಯ, ಕೆಳಗೊಂದು ಕಾವಲಿ. ರಾತ್ರಿಯಾದರೂ ಕಾಂಕ್ರೀಟು ಹಗಲಿನ ಬಿಸಿಯನ್ನು ಉಸಿರುತ್ತಲೇ ಇರುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಪರಾಗ ತಯಾರಾಗುವುದು ಹೂ ಅರಳಿದಾಗ ಅಲ್ಲ. ಸುಮಾರು ಎರಡು ವಾರ ಮುಂಚೆ, ಮೊಗ್ಗು ಇನ್ನೂ ಗುಂಡುಸೂಜಿಯ ತಲೆಯಷ್ಟಿರುವಾಗ, ಅದರ ಬೀಜಕೋಶಗಳು ಒಡೆದು ಪರಾಗಕ್ಕೆ ನಾಂದಿಯಾಗುತ್ತದೆ. ಸೆಕೆ ಹೆಚ್ಚು ಘಾಸಿಗೊಳಿಸುವುದು ಆಗ. ಹೂ ಅರಳಿ ಪರಾಗ ಬಿದ್ದ ಮೇಲಿನ ಒಂದೆರಡು ದಿನವೂ ನಾಜೂಕಿನದೇ. ಆದ್ದರಿಂದ ಇಂದು ಉದುರಿದ ಹೂವಿಗೆ ಏಟು ಬಿದ್ದದ್ದು ಹದಿನೈದು ದಿನಗಳ ಹಿಂದೆ ಇರಬಹುದು. ಮೊದಲ ಮುಂಗಾರು ಮಳೆ ಬಂದು ಹವೆ ತಣ್ಣಗಾದ ಮೇಲೂ ಒಂದು ವಾರ ಹೂ ಉದುರುತ್ತಲೇ ಇದ್ದರೆ ಗಾಬರಿಯಾಗಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಈ ನಡುವಿನ ವಾರದಲ್ಲೇ ಔಷಧಿ ಹೊಡೆದು, ಆಮೇಲೆ ತಾನಾಗಿ ಕಟ್ಟಿದ ಕಾಯಿಗಳ ಕೀರ್ತಿಯನ್ನು ಔಷಧಿಗೆ ಕೊಟ್ಟುಬಿಡುತ್ತಾರೆ.

ಚಳಿಯೂ ಹೂವಿಗೆ ಒಳ್ಳೆಯದಲ್ಲ. ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ಪರಾಗಕ್ಕೆ ಸತ್ವವಿರುವುದಿಲ್ಲ. ಡಿಸೆಂಬರ್ ಜನವರಿಯಲ್ಲಿ ದೊಣ್ಣೆ ಮೆಣಸಿನಕಾಯಿ ಬೀಜವಿಲ್ಲದೆ ಗುಜ್ಜಾಗಿ ಬೆಳೆಯುವುದನ್ನು ಕೆಲವರಾದರೂ ಕಂಡಿರಬಹುದು.

ಎರಡನೆಯದು ನೀರು. ಕುಂಡದ ಮಣ್ಣು ಎರಡು ದಿನ ಒಣಗಿ ಎಲೆ ಜೋತುಬಿದ್ದ ಮೇಲೆ ‘ಅಯ್ಯೋ ಪಾಪ’ ಎಂದು ಒಂದು ಬಕೆಟ್ ಸುರಿಯುವುದು ನಮ್ಮ ಪದ್ಧತಿ. ಒಣಗಿದಾಗಲೂ ಬೇರು ಸಂಕಟಪಡುತ್ತದೆ, ಮುಳುಗಿದಾಗ ಉಸಿರುಗಟ್ಟಿಯೂ ಸಂಕಟಪಡುತ್ತದೆ. ಎರಡರಿಂದಲೂ ಎಥಿಲೀನ್ ಹೆಚ್ಚುತ್ತದೆ. ದಿನವೂ ಬೆಳಿಗ್ಗೆ ಒಂದೆರಡು ಚೊಂಬು ಸಾಕು, ಬೆರಳು ಮಣ್ಣಿಗೆ ಚುಚ್ಚಿ ನೋಡಿ ಹಾಕಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಜಲಮಂಡಳಿಯವರು ಕುಡಿಯುವ ನೀರನ್ನು ಗಿಡಗಳಿಗೆ ಬಳಸಕೂಡದೆಂದು, ಮೀರಿದರೆ 5000 ರೂಪಾಯಿ ದಂಡವೆಂದು ಆಜ್ಞೆ ಹೊರಡಿಸಿದ್ದರಷ್ಟೆ. ಅಕ್ಕಿ ಬೇಳೆ ತೊಳೆದ ನೀರಿನ ಬೆಲೆ ಆಗ ಎಲ್ಲರಿಗೂ ತಿಳಿಯಿತು. ಆ ನೀರು ಮೆಣಸಿನ ಗಿಡಕ್ಕೆ ಧಾರಾಳವಾಗಿ ಸಲ್ಲುತ್ತದೆ. ಸೋಪಿನ ನೀರು ಮಾತ್ರ ಬೇಡ. ತೆಂಗಿನ ನಾರನ್ನೋ ತರಗೆಲೆಯನ್ನೋ ಮಣ್ಣಿನ ಮೇಲೆ ಎರಡಂಗುಲ ಹೊದಿಸಿದರೆ ಅರ್ಧ ತೊಂದರೆ ಕಳೆಯಿತು.

ಗೊಬ್ಬರದ ವಿಷಯದಲ್ಲಿ ನಾವು ಬಡತನಕ್ಕಿಂತ ಔದಾರ್ಯದಿಂದಲೇ ಕೆಡುವವರು. ಗಿಡ ಕಪ್ಪುಹಸಿರಾಗಿ, ಎಲೆ ವೀಳ್ಯದೆಲೆಯಷ್ಟಾಗಿ, ಕಾಯಿ ಮಾತ್ರ ಇಲ್ಲವೆಂದರೆ ಸಾರಜನಕ ಹೆಚ್ಚಾಯಿತೆಂದೇ ಅರ್ಥ. ಕಡಲೆಕಾಯಿ ಹಿಂಡಿಯ ನೀರನ್ನು ವಾರವಾರವೂ ಎರೆಯುವವರು ಹೂ ಬಂದ ಮೇಲೆ ಕೈ ಬಿಗಿಹಿಡಿಯಬೇಕು. ಇನ್ನು ಬಿಸಿಲು: ದಿನಕ್ಕೆ ಐದಾರು ಗಂಟೆ ಬೇಕು, ಆದರೆ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ್ದು ಬೇಡ. ಆಗ ಹಳೆಯ ಪಂಚೆಯೊಂದನ್ನು ಮೇಲೆ ಕಟ್ಟಿದರೂ ಆಯಿತು. ಪಕ್ಕದಲ್ಲಿ ನಾಲ್ಕಂತಸ್ತು ಎದ್ದು ಬೆಳಕೇ ಬೀಳದಿದ್ದರೆ ಹೂ ನಿಲ್ಲದು, ಅದಕ್ಕೆ ಯಾವ ಮದ್ದೂ ಇಲ್ಲ.

ಸೊಸೆಯ ಮಾತನ್ನೂ ತಳ್ಳಿಹಾಕುವಂತಿಲ್ಲ, ಹುಳವೂ ಇರಬಹುದು. 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ, ಪರಂಗಿ ಗಿಡದ ಮೇಲೆ, ಅದುವರೆಗೆ ಭಾರತದಲ್ಲಿ ಕಂಡಿರದ ಒಂದು ನುಸಿಯನ್ನು ವಿಜ್ಞಾನಿಗಳು ಗುರುತಿಸಿದರು. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂದು ಅದರ ಹೆಸರು, ಆಗ್ನೇಯ ಏಷ್ಯದ ಕಡೆಯದು. ಆರು ವರ್ಷ ಕಳೆದು 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೊಲಗಳಿಗೆ ಅದು ದಂಡೆತ್ತಿ ಬಂದಂತೆ ಬಂತು. ಮೊದಲಿನಿಂದ ನಾವು ಬಲ್ಲ ನುಸಿ ಹಳದಿ ಬಣ್ಣದ್ದು, ಎಲೆಯ ರಸ ಹೀರಿ ಎಲೆಯನ್ನು ದೋಣಿಯಂತೆ ಮೇಲಕ್ಕೆ ಮಡಿಸುವಂಥದು. ಈ ಹೊಸದು ಕಪ್ಪು. ಇದು ಹೂವಿನೊಳಗೇ ಮನೆಮಾಡುತ್ತದೆ. ಹೂ ಕಂದಿ ರಾಶಿ ರಾಶಿಯಾಗಿ ಉದುರುತ್ತದೆ. ಸಾಲ ತಂದು ಬೆಳೆಯಿಟ್ಟ ರೈತರು ಒಂದರ ಮೇಲೊಂದು ಔಷಧಿ ಹೊಡೆದರು. ನುಸಿಯನ್ನು ತಿನ್ನುವ ಕೀಟಗಳು ಅದರಿಂದ ಸತ್ತವೇ ಹೊರತು ನುಸಿ ಬಗ್ಗಲಿಲ್ಲ. ಹೊಲವನ್ನೇ ಉತ್ತುಹಾಕಿದವರೂ ಉಂಟು. ನಮ್ಮ ಹನ್ನೆರಡು ಕುಂಡಗಳ ಕಷ್ಟವನ್ನು ಅದರೊಡನೆ ಹೋಲಿಸಲಾಗದು.

ಈ ನುಸಿ ಇದೆಯೋ ಇಲ್ಲವೋ ನೋಡುವುದು ಸುಲಭ. ಅರಳಿದ ನಾಲ್ಕು ಹೂಗಳನ್ನು ಬಿಳಿಯ ಕಾಗದದ ಮೇಲೆ ಕೊಡವಿ. ಒಂದು ಮಿಲಿಮೀಟರ್ ಉದ್ದದ ಕಪ್ಪು ಚೂರುಗಳು ಓಡಾಡಿದರೆ ಇದೆ. ಬಿದ್ದ ಹೂಗಳನ್ನು ಗುಡಿಸಿ ಚೀಲದಲ್ಲಿ ಕಟ್ಟಿ ಎಸೆಯಬೇಕು, ಗಿಡದ ಬುಡದಲ್ಲಿ ಬಿಡಬಾರದು. ಸಂಜೆ ಎಲೆಯ ಹಿಂಬದಿಗೆ ನೀರನ್ನು ರಭಸವಾಗಿ ಚಿಮುಕಿಸಿ, ವಾರಕ್ಕೊಮ್ಮೆ ಬೇವಿನ ಎಣ್ಣೆ ಕದಡಿದ ನೀರು ಹೊಡೆಯಬಹುದು. ನೀಲಿ ಬಣ್ಣದ ಅಂಟುಹಾಳೆಯೊಂದನ್ನು ಗಿಡಗಳ ಎತ್ತರಕ್ಕೆ ತೂಗುಹಾಕಿದರೆ ನುಸಿ ಬಂದು ಅಂಟಿಕೊಳ್ಳುತ್ತದೆ. ಕೊಡವಿದಾಗ ಏನೂ ಬೀಳದಿದ್ದರೆ ಸೀಸೆ ತೆರೆಯುವ ಮಾತೇ ಇಲ್ಲ.

ಹೂ ಉದುರದಂತೆ ಹೊಡೆಯುವ ಔಷಧಿಯೂ ಉಂಟು. ನ್ಯಾಫ್ತಲೀನ್ ಅಸಿಟಿಕ್ ಆಮ್ಲವೆಂಬುದು ಆಕ್ಸಿನ್ನಿನ ಬದಲಿ; ನಿಂತ ಸಮಾಚಾರವನ್ನು ನಾವೇ ಬರೆದು ಕಳುಹಿಸಿದಂತೆ. ರೈತರು ಇದನ್ನು ಬಳಸುತ್ತಾರೆ. ಅಳತೆ ಬಹಳ ಅಲ್ಪ: ಅಂಗಡಿಯಲ್ಲಿ ಸಿಕ್ಕುವ ಶೇಕಡಾ ನಾಲ್ಕೂವರೆಯ ದ್ರಾವಣವಾದರೆ ನಾಲ್ಕೂವರೆ ಲೀಟರ್ ನೀರಿಗೆ ಒಂದು ಮಿಲಿಲೀಟರ್. ಹೆಚ್ಚಾದರೆ ಇದೇ ಹೂ ಉದುರಿಸುತ್ತದೆ. ಅಡಿಗೆಮನೆಯ ಚಮಚದಲ್ಲಿ ಅಳೆಯುವವರು ಇದರ ಗೊಡವೆಗೆ ಹೋಗದಿರುವುದೇ ವಾಸಿ.

ಎಲ್ಲಕ್ಕಿಂತ ದೊಡ್ಡ ಉಪಾಯ ಪಂಚಾಂಗದಲ್ಲಿದೆ. ಬ್ಯಾಡಗಿಯ ಕಡೆ ಮಳೆಯಾಶ್ರಯದ ರೈತರು ಮುಂಗಾರಿನಲ್ಲಿ ಸಸಿ ನೆಟ್ಟು, ಸೆಕೆಯೂ ಚಳಿಯೂ ಇಲ್ಲದ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೂ ಬರುವಂತೆ ನೋಡಿಕೊಳ್ಳುತ್ತಾರೆ. ನಾವು ಫೆಬ್ರವರಿಯಲ್ಲಿ ನರ್ಸರಿಯಿಂದ ಸಸಿ ತಂದು ಏಪ್ರಿಲ್‌ನಲ್ಲಿ ಕಾಯಿ ಕೇಳುತ್ತೇವೆ. ಮೇ ಕೊನೆಯಲ್ಲಿ ಬೀಜ ಹಾಕಿದರೆ ಆಗಸ್ಟಿನಿಂದಾಚೆಗೆ ನಾಲ್ಕು ತಿಂಗಳು ನೆಮ್ಮದಿ. ಕಾಯಿ ಕಟ್ಟಿದ ಮೇಲೂ ಹಸಿರಾಗಿರುವಾಗಲೇ ಕೀಳುತ್ತಿರಬೇಕು. ಗಿಡದ ತುಂಬ ಕಾಯಿ ಬಲಿಯುತ್ತಿದ್ದರೆ ಹೊಸ ಹೂವಿಗೆ ಊಟ ಸಾಲದೆ ಅದು ಉದುರುತ್ತದೆ.

ಅಜ್ಜಿಯ ಮನೆಯ ತಾರಸಿಯಲ್ಲಿ ಅಂದು ಹೂ ಕೊಡವಿ ನೋಡಿದೆವು. ಕಾಗದದ ಮೇಲೆ ಒಂದಿಷ್ಟು ಪರಾಗದ ಧೂಳು, ಒಂದು ಇರುವೆ, ಅಷ್ಟೇ. ಸೀಸೆ ಅಂಗಡಿಗೆ ಹಿಂತಿರುಗಿತು. ಗಿಡಗಳ ತುದಿ ಸವರಿ, ಕುಂಡಗಳನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಗೋಡೆಯ ಮಗ್ಗುಲಿಗೆ ಸರಿಸಿದರು. ಜುಲೈ ಕೊನೆಯಲ್ಲಿ ಆ ಮನೆಯಿಂದ ಒಂದು ಡಬ್ಬಿ ಹಸಿಮೆಣಸಿನಕಾಯಿ ಬಂತು. ಜೊತೆಗೆ ಅಜ್ಜಿಯ ಹೊಸ ದೂರು: ಖಾರ ವಿಪರೀತ, ಒಂದು ಹಾಕುವ ಕಡೆ ಅರ್ಧ ಹಾಕಬೇಕಾಗಿದೆಯಂತೆ.